ಎರಡು ಸಲ ಎಳೆದ ಕೇಬಲ್

ಆಗ ನನಗೆ ಅರವತ್ತೇಳು ವರ್ಷ. ಇದು ನಡೆದು ಮೂರು ವರ್ಷವಾಯಿತು. ನಾನು ಓದಿದ್ದು ಎರಡನೇ ಕ್ಲಾಸು. ಕನ್ನಡವನ್ನು ನಿಧಾನವಾಗಿ ಕೂಡಿಸಿ ಓದುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಗೊತ್ತು, ಅಕ್ಷರಗಳದ್ದು ಮುಖಪರಿಚಯ ಮಾತ್ರ. ಇಂಥವಳು ಕಂಪ್ಯೂಟರ್ ಕೆಲಸದ ಬಗ್ಗೆ ಏನು ಬರೆದಾಳು ಎನ್ನುವವರು ಇಲ್ಲೇ ನಿಲ್ಲಿಸಬಹುದು.

ಕೆಲಸ ನಡೆದದ್ದು ಮದ್ದೂರಿನಲ್ಲಿ, ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಗ್ಯಾರೇಜು ಒಬ್ಬ ಸಾಹೇಬರದು. ಮೇಲೆ ಕೂರುತ್ತಿದ್ದವಳು ಅವರ ಕಿರಿಯ ಮಗಳು, ಎಂಜಿನಿಯರು. ನಾನು ಅದಕ್ಕೆ ಮುಂಚೆ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಮಂಟಪ ಮುಚ್ಚಿತು. ಸಾಹೇಬರ ದೊಡ್ಡ ಮಗಳ ಮದುವೆಗೆ ಪಾತ್ರೆ ಕೊಟ್ಟವಳು ನಾನೇ. ಒಂದು ಸೌಟು ಕಮ್ಮಿ ಬಂತೆಂದು ಅವರ ಅಡುಗೆಯವನನ್ನು ಸಂಜೆವರೆಗೂ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದೆ. ಅದು ಅವರ ನೆನಪಿನಲ್ಲಿತ್ತು. ಹಾಗಾಗಿ ಕರೆದರು.

ಮೊದಲ ದಿನ ನಾನು ಆ ಹುಡುಗಿಗೆ ನೇರವಾಗಿ ಹೇಳಿದೆ, “ನಂಗೆ ಇಂಗ್ಲಿಸು ಬರಾಕಿಲ್ಲ ಕಣವ್ವ. ಓದಿರೋರ್ನ ಇಟ್ಕೊ.”

“ನಂಗೆ ಓದಿದೋರು ಬೇಡ ಅಜ್ಜಿ. ಓದಿದೋರು ನಡುವೆ ನಡುವೆ ಊಹೆ ಮಾಡ್ತಾರೆ. ಕಣ್ಣಿಗೆ ಕಂಡಿದ್ದನ್ನ ಕಂಡ ಹಾಗೇ ಬರೆಯೋರು ಬೇಕು,” ಎಂದಳು.

ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಆಮೇಲೆ ಬೇಕಾಗುತ್ತದೆ.

ಮಳವಳ್ಳಿ ರಸ್ತೆಯಲ್ಲಿ ಒಂದು ಖಾಸಗಿ ಡೈರಿಯವರ ಚಿಲ್ಲಿಂಗ್ ಸೆಂಟರ್ ಇತ್ತು. ಸುತ್ತಲಿನ ಹಳ್ಳಿಗಳ ಹಾಲು ಲಾರಿಯಲ್ಲಿ ಅಲ್ಲಿಗೆ ಬಂದು, ತಂಪಾಗಿ ಮುಂದೆ ಹೋಗುತ್ತದೆ. ಅಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಕಂಪ್ಯೂಟರು. ಅದರ ಹೊಟ್ಟೆಯೊಳಗೆ ಆರು ಕಂಪ್ಯೂಟರು ಇರುವ ಹಾಗೆ ಮಾಡಿದ್ದರು. ಹಾಲಿನ ತೂಕಕ್ಕೆ ಒಂದು, ಜಿಡ್ಡು ಅಳೆಯಲು ಒಂದು, ಲಾರಿ ಒಳಗೆ ಬಿಡಲು ಒಂದು, ಹೀಗೆ. ಈ ಆರಕ್ಕೂ ಹೊರಗಿನವರ ಜೊತೆ ಮಾತಾಡಲು ಒಂದೊಂದು ನೆಟ್‌ವರ್ಕ್ ಕಾರ್ಡು ಬೇಕು. ಆ ಕಾರ್ಡು ಕೂಡ ಇಲ್ಲ. ಇಲ್ಲದ ಕಾರ್ಡನ್ನು ಇದೆ ಎಂದು ನಂಬಿಸುವ ಬರವಣಿಗೆಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವಳು ಈ ಹುಡುಗಿ.

“ಇಲ್ದೇ ಇರೋ ಕಂಪ್ಯೂಟ್ರಿಗೆ ಇಲ್ದೇ ಇರೋ ಕಾರ್ಡು. ಕೆಡಾದು ಮಾತ್ರ ನಿಜವಾಗ್ಲೂ ಕೆಡ್ತದಾ?” ಎಂದೆ.

“ಅದೊಂದೇ ನಿಜ ಅಜ್ಜಿ,” ಎಂದಳು. ನಗಲಿಲ್ಲ.

ವಾರಕ್ಕೆ ಎರಡು ಮೂರು ಸಲ ಆ ದೊಡ್ಡ ಕಂಪ್ಯೂಟರು ಇದ್ದಕ್ಕಿದ್ದಂತೆ ಸಾಯುತ್ತಿತ್ತು. ಒಂದು ಇಲ್ಲದ ಕಾರ್ಡು ಕೆಟ್ಟರೆ ಆರೂ ಕಂಪ್ಯೂಟರು ಒಟ್ಟಿಗೆ ಹೋಗುತ್ತಿದ್ದವು. ಲಾರಿಗಳು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದವು. ಎರಡು ಸಲ ಹಾಲು ಒಡೆದು ಚರಂಡಿಗೆ ಸುರಿದರು. ಡೈರಿಯ ಮ್ಯಾನೇಜರು ಮೂರು ವಾರ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ಆಮೇಲಿನ ಸೋಮವಾರ ಬೇರೆಯವರು ಬಂದು ಇವಳ ಡ್ರೈವರನ್ನು ಕಿತ್ತು ತಮ್ಮದನ್ನು ಹಾಕುತ್ತಾರೆ. ಇವಳಿಗೆ ಇದ್ದದ್ದು ಅದೊಂದೇ ಗಿರಾಕಿ. ಡ್ರೈವರು ಹೋದರೆ ಕೋಣೆಯೂ ಹೋಗುತ್ತದೆ. ಟೈರು ಇಡಲು ಜಾಗ ಬೇಕೆಂದು ಅವಳ ಅಣ್ಣ ಆಗಲೇ ಟೇಪು ತಂದು ನಾವು ಕೂತಿದ್ದಂತೆಯೇ ಗೋಡೆ ಅಳೆದುಕೊಂಡು ಹೋಗಿದ್ದ. ಅವಳು ಕುರ್ಚಿ ಸರಿಸಿ ಅವನಿಗೆ ದಾರಿ ಬಿಟ್ಟಿದ್ದಳು.

ನನ್ನ ಕೆಲಸ ಹೀಗೆ. ಮೇಜಿನ ಮೇಲೆ ಮೂರು ಹಳೆಯ ಕಂಪ್ಯೂಟರುಗಳು. ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ನಾನೇ ಬರೆದಿದ್ದೆ. ಅವು ಡೈರಿಯ ಕಂಪ್ಯೂಟರಿನ ಹಾಗೆಯೇ ಕೆಲಸ ಮಾಡುತ್ತವೆ. ಸ್ವಿಚ್ಚು ಒತ್ತಬೇಕು. ಸ್ಕ್ರೀನಿನ ಮೇಲೆ ನಾಲ್ಕು ಸಾಲು ಬಂದು ಅಂಕಿ ಓಡಲು ಶುರುವಾಗುವ ತನಕ ಕಾಯಬೇಕು. ಅಂಕಿ ಓಡಿದರೆ ಪ್ಯಾಕೆಟ್ಟುಗಳು ಹೋಗಿಬಂದು ಮಾಡುತ್ತಿವೆ ಎಂದರ್ಥ. ಪ್ಯಾಕೆಟ್ಟು ಎಂದರೆ ಮಾಹಿತಿಯ ಪೊಟ್ಟಣ. ಇಪ್ಪತ್ತು ಎಣಿಸಿ ಹಿಂದಿನ ಕೇಬಲ್ ಕೀಳಬೇಕು. ಹತ್ತು ಎಣಿಸಿ, ಕಟಕ್ ಎನ್ನುವ ತನಕ ಮತ್ತೆ ಚುಚ್ಚಬೇಕು. ಅಂಕಿ ಮತ್ತೆ ಓಡಿದರೆ ನೋಟುಬುಕ್ಕಿನಲ್ಲಿ ಗಂಟೆ ಬರೆದು ಸರಿ ಗುರುತು ಹಾಕಬೇಕು. ನಿಂತುಹೋದರೆ ಮುಟ್ಟದೆ ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ತೆಗೆದು, ಏನು ಮಾಡಿದಾಗ ನಿಂತಿತು ಎಂದು ಬರೆದು, ಆಮೇಲೆ ರೀಸೆಟ್ ಒತ್ತಬೇಕು.

ಇದನ್ನು ಕಂಪ್ಯೂಟರೇ ಮಾಡಿಕೊಳ್ಳಬಾರದೇ ಎಂದು ಕೇಳಿದ್ದೆ. ಬರವಣಿಗೆಯಿಂದ ಕಾರ್ಡನ್ನು ನಿಲ್ಲಿಸುವುದು ಒಂದು ಥರ, ನಿಜವಾಗಿ ತಂತಿ ಕೀಳುವುದು ಇನ್ನೊಂದು ಥರ, ಮೊದಲನೆಯದನ್ನು ಸಾವಿರ ಸಲ ಮಾಡಿ ನೋಡಿ ಏನೂ ಸಿಕ್ಕಿಲ್ಲ ಎಂದಳು. ಹೀಗೆ ದಿನಕ್ಕೆ ಎಪ್ಪತ್ತು ಎಂಬತ್ತು ಸಲ. ಮೇಲೆ ತಗಡಿನ ಸೂರು. ಕೆಳಗೆ ಕಂಪ್ರೆಸರಿನ ಸದ್ದು. ನನಗೆ ಬಲಗೈ ಹೆಬ್ಬೆರಳಿನ ಗೆಣ್ಣು ನೋವು. ಪಕ್ಕದ ನಮ್ಮೂರು ಕೊಪ್ಪದಿಂದ ಬೆಳಗ್ಗೆ ಎಂಟು ಗಂಟೆ ಬಸ್ಸಿಗೆ ಬಂದು, ಹದಿನಾರು ಕಬ್ಬಿಣದ ಮೆಟ್ಟಿಲು ಹತ್ತಿ, ಸಂಜೆ ಐದೂವರೆವರೆಗೆ ಕೇಬಲ್ ಕೀಳುವುದು, ಚುಚ್ಚುವುದು.

ಮೊದಲ ವಾರದಲ್ಲಿ ಒಂದು ಬಗ್ ಸಿಕ್ಕಿತು. ಬಗ್ ಎಂದರೆ ಬರವಣಿಗೆಯಲ್ಲಿನ ತಪ್ಪು. ಅದನ್ನು ಅವಳೇ ಓದಿ ಹುಡುಕಿದಳು, ನನ್ನದೇನೂ ಇಲ್ಲ. ನನಗೆ ಅರ್ಥವಾಗುವ ಹಾಗೆ ಹೀಗೆ ಹೇಳಿದಳು:

“ನೀವು ಉಗ್ರಾಣದಲ್ಲಿ ಪಾತ್ರೆ ಕೊಡ್ತಿದ್ರಲ್ಲ, ಹಾಗೇ. ಪ್ಯಾಕೆಟ್ ಬಂದಾಗ ಡ್ರೈವರು ಮೆಮೊರಿಗೆ ಹೋಗಿ ಒಂದು ಪಾತ್ರೆ ಕೇಳಿ ತರುತ್ತೆ. ಬಂದಿದ್ದನ್ನ ಅದರೊಳಗೆ ಸುರಿಯುತ್ತೆ. ಕೆಲಸ ಆದ್ಮೇಲೆ ವಾಪಸ್ ಕೊಡುತ್ತೆ. ಉಗ್ರಾಣದವರು ಅದೇ ಪಾತ್ರೇನ ಇನ್ನೊಬ್ಬರಿಗೆ ಕೊಡ್ತಾರೆ.”

ತಪ್ಪು ಏನೆಂದರೆ, ಪ್ಯಾಕೆಟ್ಟು ತನ್ನ ಅಳತೆಯನ್ನು ತನ್ನ ಮೇಲೆ ತಾನೇ ಬರೆದುಕೊಂಡು ಬರುತ್ತದೆ. ಡ್ರೈವರು ತಂದಿಟ್ಟ ಪಾತ್ರೆಯದು ಒಂದೇ ಅಳತೆ. ಪ್ಯಾಕೆಟ್ಟು ಎಷ್ಟು ಹೇಳಿತೋ ಅಷ್ಟನ್ನೂ ನಂಬಿ ಸುರಿಯುತ್ತಿತ್ತು. ತುಂಬಿ ಮಿಕ್ಕಿದ್ದು ಪಕ್ಕದ ಪಾತ್ರೆಗೆ ಚೆಲ್ಲುತ್ತಿತ್ತು, ಸಾರು ಹೋಗಿ ಪಾಯಸಕ್ಕೆ ಬಿದ್ದ ಹಾಗೆ.

“ಸುರ್ಯಾಕೆ ಮುಂಚೆ ಪಾತ್ರೆ ನೋಡ್ಬೇಕು ಅನ್ನಾದು ಯಾರಿಗ್ ಗೊತ್ತಿಲ್ಲ?”

“ಗೊತ್ತಿತ್ತು ಅಜ್ಜಿ. ಬರೆಯೋವಾಗ ಮರೆತೆ.”

ಮೂರು ಸಾಲು ಸೇರಿಸಿದಳು. ಡೈರಿಗೆ ಹೋಗಿ ಹಾಕಿ ಬಂದಳು. ಸಾವು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾಲ್ಕನೇ ದಿನ ಮ್ಯಾನೇಜರು ಫೋನು ಮಾಡಿ ಬೈದರು. ಕೋಣೆಯ ಈ ಮೂಲೆಯಲ್ಲಿದ್ದ ನನಗೂ ಕೇಳಿಸಿತು.

ಎರಡನೇ ಬಗ್ ಯಾವ ಜಾತಿಯದು ಎಂದು ಅವಳಿಗೆ ಅನುಮಾನವಿತ್ತು. ಪಾತ್ರೆ ವಾಪಸ್ ಕೊಟ್ಟಾದ ಮೇಲೂ ಯಾರೋ ಅದರೊಳಗೆ ಕೈ ಹಾಕುತ್ತಿದ್ದಾರೆ. ಯಾರು, ಯಾವಾಗ ಎನ್ನುವುದು ಗೊತ್ತಿಲ್ಲ. ಅದನ್ನು ಹಿಡಿಯಲು ಒಂದು ಉಪಾಯ ಮಾಡಿದಳು. ವಾಪಸ್ ಬಂದ ಪಾತ್ರೆಯ ತುಂಬ ಒಂದೇ ಗುರುತು ತುಂಬಿಸಿಡುವುದು. ಆಮೇಲೆ ಕೈ ಹಾಕಿದವರಿಗೆ ಅದೇ ಗುರುತು ಸಿಗುತ್ತದೆ, ಸಿಕ್ಕಿಬೀಳುತ್ತಾರೆ. ನಾವು ಉಗ್ರಾಣದಲ್ಲಿ ವಾಪಸ್ ಬಂದ ಪಾತ್ರೆಯನ್ನು ಬೋರಲು ಹಾಕುತ್ತಿದ್ದೆವು. ಬೋರಲು ಬಿದ್ದ ಪಾತ್ರೆಗೆ ಯಾರೂ ತಿಳಿಯದೆ ಸೌಟು ಹಾಕಲಾರರು. ಇದೂ ಅದೇ. ಆ ಗುರುತನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದಳು. ಒಂದು ಆರು, ಪಕ್ಕದಲ್ಲಿ ಆರರ ತಂಗಿಯ ಹಾಗಿರುವ ಬಿ. ಆರು, ಬಿ, ಆರು, ಬಿ. “ಸ್ಕ್ರೀನಲ್ಲಿ ಇದು ಸಾಲಾಗಿ ಕಂಡ್ರೆ ನನ್ನ ಕೂಗಿ,” ಎಂದಳು.

ಎರಡನೇ ವಾರದ ಬುಧವಾರ, ಮಧ್ಯಾಹ್ನ ಎರಡೂ ನಲವತ್ತು. ಅವಳು ಊಟಕ್ಕೆ ಕೆಳಗೆ ಹೋಗಿದ್ದಳು. ನಾನು ಎರಡನೇ ಕಂಪ್ಯೂಟರಿನ ಹತ್ತಿರ ಇದ್ದೆ. ಆ ಕೇಬಲಿನ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆ ಇರುತ್ತದೆ, ಅದನ್ನು ಒತ್ತಿ ಹಿಡಿದು ಕೀಳಬೇಕು. ನನ್ನ ಹೆಬ್ಬೆರಳು ಒತ್ತಲಿಲ್ಲ. ಸಿಟ್ಟಿನಲ್ಲಿ ಎಳೆದೆ. ನಾಲಗೆ ಮುರಿದು ಕೇಬಲ್ ಕೈಗೆ ಬಂತು. ಇನ್ನೂ ಇಪ್ಪತ್ತು ಎಣಿಸಿರಲಿಲ್ಲ. ಗಾಬರಿಯಾಗಿ ಕೇಬಲನ್ನು ಒಳಗೆ ತುರುಕಿದೆ. ಹಿಡಿದುಕೊಳ್ಳಲು ನಾಲಗೆ ಇಲ್ಲವಲ್ಲ, ಅದು ಜಾರಿ ಮತ್ತೆ ಹೊರಗೆ ಬಂತು. ಎಲ್ಲ ಸೇರಿ ಎರಡು ಸೆಕೆಂಡೂ ಇಲ್ಲ.

ಅಂಕಿ ನಿಂತಿತು. ಸ್ಕ್ರೀನು ತುಂಬ ಅಕ್ಷರ ಬಂತು. ನಡುವೆ ಆರು, ಬಿ, ಆರು, ಬಿ, ಆರು, ಬಿ.

ನಾನು ಮೊದಲು ಮಾಡಿದ ಕೆಲಸ ಫೋಟೊ ತೆಗೆದದ್ದಲ್ಲ. ಮುರಿದ ಕೇಬಲನ್ನು ಸುತ್ತಿ ನನ್ನ ಚೀಲದೊಳಗೆ ಹಾಕಿ, ಮೇಜಿನ ಡ್ರಾಯರಿನಲ್ಲಿದ್ದ ಬೇರೆ ಕೇಬಲ್ ತಂದು ಅಲ್ಲಿಗೆ ಚುಚ್ಚಿದೆ. ಯಾಕೆ ಎಂದು ಕೇಳಿದರೆ, ಉಗ್ರಾಣದಲ್ಲಿ ಒಂದು ಕಾನೂನಿತ್ತು. ಪಾತ್ರೆ ಸೊಟ್ಟಗಾದರೆ ಕೊನೆಗೆ ಮುಟ್ಟಿದವರ ತಲೆಗೆ. ಬೀಳಿಸಿದವರು ಯಾರೇ ಇರಲಿ, ಕೊನೆಯ ಕೈ ಯಾರದೋ ಅವರೇ ಕಳ್ಳರು. ಆ ಕಾನೂನನ್ನು ಇಪ್ಪತ್ತು ವರ್ಷ ನಡೆಸಿದವಳು ನಾನೇ. ಅದರಿಂದ ನಾವೆಲ್ಲ ಕಲಿತದ್ದು ಒಂದೇ, ಸೊಟ್ಟ ಕಂಡರೆ ಗೋಡೆ ಕಡೆ ತಿರುಗಿಸಿ ಇಟ್ಟು ಸುಮ್ಮನಾಗುವುದು. ಕೈ ತಾನಾಗಿ ಆ ಕೆಲಸ ಮಾಡಿತು.

ಆಮೇಲೆ ಫೋಟೊ ತೆಗೆದು ಕೂಗಿದೆ. ಅವಳು ತುತ್ತು ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. ಸ್ಕ್ರೀನು ನೋಡಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಳು.

“ಬಂತು! ಇಲ್ಲಿ ಮೊದಲನೇ ಸಲ ಬಂತು! ಏನ್ ಮಾಡಿದ್ರಿ ಅಜ್ಜಿ?”

“ಏನ್ ಮಾಡ್ಲಿ. ನೀನ್ ಯೋಳಿದ್ದೇ ಮಾಡ್ದೆ.”

“ಇಪ್ಪತ್ತು ಎಣಿಸಿ ಕಿತ್ರಾ?”

“ಊಂ.”

ನೋಟುಬುಕ್ಕಿನಲ್ಲೂ ಅದನ್ನೇ ಬರೆದೆ. ಎರಡೂ ನಲವತ್ತು, ಇಪ್ಪತ್ತು ಎಣಿಸಿ ಕಿತ್ತೆ, ನಿಂತಿತು.

ಸತ್ತ ಕಂಪ್ಯೂಟರು ಕೊನೆಗೆ ಯಾರು ಏನು ಮುಟ್ಟಿದರು ಎಂದು ಹೇಳಿ ಸಾಯುತ್ತದೆ. ನನ್ನ ಫೋಟೊದಲ್ಲಿ ಇದ್ದದ್ದು, ಪ್ಯಾಕೆಟ್ಟುಗಳನ್ನು ಹೊರಗೆ ಕಳುಹಿಸುವ ಭಾಗದ ಹೆಸರು. ಅವಳು ಆ ಭಾಗವನ್ನು ಬಿಚ್ಚಿದಳು. ಒಂದೊಂದು ಸಾಲನ್ನೂ ಕಾಗದಕ್ಕೆ ಇಳಿಸಿ ಗೆರೆ ಎಳೆದಳು. ಗುರುವಾರ, ಶುಕ್ರವಾರ, ಶನಿವಾರ ಅದರಲ್ಲೇ ಹೋಯಿತು. ತಪ್ಪು ಸಿಗಲಿಲ್ಲ. ಆ ಭಾಗ ಸರಿಯಾಗೇ ಇತ್ತು.

ನಾನು ಇಪ್ಪತ್ತು ಎಣಿಸಿ ಕೀಳುತ್ತಲೇ ಇದ್ದೆ. ಒಂದೂ ಸಾಯಲಿಲ್ಲ. ಅವಳು ಇನ್ನೂ ಬಿಗಿಯಾದ ಕಾವಲು ಹಾಕಿದಳು. ಅದನ್ನು ಹಾಕಿದರೆ ಯಾವ ಪಾತ್ರೆಯನ್ನು ಯಾರು ತಂದರು, ಯಾರು ವಾಪಸ್ ಕೊಟ್ಟರು, ಆಮೇಲೆ ಯಾರು ಮುಟ್ಟಿದರು, ಮೂರನ್ನೂ ಹೇಳುತ್ತದೆ. ಆದರೆ ಕಂಪ್ಯೂಟರು ಎತ್ತಿನ ಗಾಡಿಯ ಹಾಗೆ ಆಗುತ್ತದೆ. ಒಂದು ಸಲಕ್ಕೆ ಮೂರು ನಿಮಿಷ ಹಿಡಿಯುತ್ತಿದ್ದದ್ದು ಹನ್ನೊಂದು ನಿಮಿಷ ಹಿಡಿಯಿತು. ಆಗಲೂ ಸಾಯಲಿಲ್ಲ. ಕಾವಲು ತೆಗೆದಳು.

ಸೋಮವಾರ ಅವಳು ಸೋತು ಒಂದು ಕೆಟ್ಟ ಕೆಲಸ ಮಾಡಿದಳು. ಪಾತ್ರೆಯನ್ನು ವಾಪಸ್ ಕೊಡುವುದನ್ನೇ ನಿಲ್ಲಿಸಿದಳು. ವಾಪಸ್ ಕೊಡದಿದ್ದರೆ ಯಾರು ಕೈ ಹಾಕಿದರೂ ತೊಂದರೆಯಿಲ್ಲವಲ್ಲ. ಅದನ್ನು ಡೈರಿಗೆ ಮಾತ್ರ ಹಾಕಿ ಬಂದಳು, ನಮ್ಮ ಮೇಜಿನ ಮೂರರಲ್ಲಿ ಹಳೆಯದೇ ಇತ್ತು. ನಾನು ಕೇಳಿದೆ, “ಎಲ್ರೂ ತಕ್ಕೊಂಡೋಗಿ ಯಾರೂ ತಂದ್ ಕೊಡ್ದಿದ್ರೆ ಉಗ್ರಾಣ ಎಷ್ಟ್ ದಿನ ನಡೀತದವ್ವ?”

“ಗೊತ್ತು ಅಜ್ಜಿ. ಒಂದು ವಾರ ಬಂದ್ರೆ ಸಾಕು. ಅಷ್ಟರಲ್ಲಿ ಹುಡುಕ್ತೀನಿ.”

ಒಂದು ವಾರ ಬರಲಿಲ್ಲ. ಬುಧವಾರ ಬೆಳಗಿನ ಹಾಲಿನ ಹೊತ್ತಿಗೆ ಮೆಮೊರಿ ಖಾಲಿಯಾಗಿ ದೊಡ್ಡ ಕಂಪ್ಯೂಟರು ಬಿತ್ತು. ಈ ಸಲ ಮ್ಯಾನೇಜರು ಬೈಯಲೂ ಇಲ್ಲ. “ಸೋಮವಾರ ಅವ್ರು ಬತ್ತಾವ್ರೆ. ನಿಮ್ದು ಏನಿದ್ರೂ ತೆಗ್ದಿಟ್ಕೊಳಿ,” ಎಂದು ಫೋನು ಇಟ್ಟರು.

ಅವಳು ಅವತ್ತು ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ನಾನು ಅರವತ್ತೆರಡು ಸಲ ಕೇಬಲ್ ಕಿತ್ತೆ. ಅರವತ್ತೆರಡು ಸರಿ ಗುರುತು. ಮುರಿದ ಕೇಬಲು ನನ್ನ ಚೀಲದ ತಳದಲ್ಲೇ ಇತ್ತು, ದಿನಾ ಬಸ್ಸಿನಲ್ಲಿ ನನ್ನ ಜೊತೆ ಹೋಗಿಬಂದು ಮಾಡುತ್ತಿತ್ತು. ನಿಜ ಹೇಳಬೇಕೆಂದರೆ ಅದಕ್ಕೂ ಈ ಸಾವಿಗೂ ಸಂಬಂಧ ಇದೆ ಎಂದು ನನಗೆ ಹೊಳೆದಿರಲಿಲ್ಲ. ಒಂದು ಸಾಮಾನು ಮುರಿದೆ, ಮುಚ್ಚಿಟ್ಟೆ, ಅಷ್ಟೇ ಎಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಮೊಣಕಾಲು ನೋವೆಂದು ಗ್ಯಾರೇಜಿನಲ್ಲೇ ಊಟಕ್ಕೆ ಕೂತೆ. ಸಾಹೇಬರು ನೆಲದ ಮೇಲೆ ಒಂದು ಬೈಕಿನ ಎಂಜಿನ್ ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿದ್ದರು. ಎರಡು ದಿನದಿಂದ ಅದೇ ಬೈಕು.

“ಏನ್ ಸಾಹೇಬ್ರೆ, ಇನ್ನೂವೆ ಮುಗೀಲಿಲ್ವಾ?”

“ಎಲ್ಲಿ ಮುಗೀತದಮ್ಮ. ಕೇಳ್ದೆ ಬೈಕಿನವನ್ನ, ಏನಪ್ಪಾ ಮಾಡ್ದೆ ಅಂತ. ಏನೂ ಮಾಡಿಲ್ಲ, ಓಡ್ತಾ ಓಡ್ತಾ ನಿಂತೋಯ್ತು ಅಂದ. ಎಂಜಿನ್ ಬಿಚ್ದೆ. ಕಾರ್ಬೊರೇಟರ್ ಬಿಚ್ದೆ. ಇವತ್ತು ಬಂದು ಹಲ್ಲು ಕಿರ್ಕೊಂಡು ಹೇಳ್ತಾನೆ, ಶಿಂಷಾ ಹೊಳೇಲಿ ಇಳಿಸಿ ತೊಳೆದಿದ್ನಂತೆ!” ಸ್ಪ್ಯಾನರನ್ನು ತಟ್ಟೆಗೆ ಎಸೆದರು. “ಅವತ್ತೇ ಹೇಳಿದ್ರೆ ಅರ್ಧ ಗಂಟೆ ಕೆಲಸ ಕಣಮ್ಮ. ಎಲ್ರೂ ಇದೇ ಹೇಳೋದು, ನಾನೇನೂ ಮಾಡಿಲ್ಲ, ನಾನೇನೂ ಮಾಡಿಲ್ಲ.”

ಡಬ್ಬಿ ಮುಚ್ಚಿದೆ. ಹದಿನಾರು ಮೆಟ್ಟಿಲು ಹತ್ತುವ ಹೊತ್ತಿಗೆ, ಹೇಳಿದರೆ ಅವಳು ನನ್ನನ್ನು ಮನೆಗೆ ಕಳಿಸುತ್ತಾಳೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಹೇಳದಿದ್ದರೂ ಸೋಮವಾರ ಹೇಗೂ ಮನೆಗೇ. ಆದರೆ ಅವಳೂ ಹೋಗುತ್ತಾಳೆ. ಹತ್ತಿದೆ.

ಚೀಲದಿಂದ ಕೇಬಲ್ ತೆಗೆದು ಅವಳ ಮೇಜಿನ ಮೇಲೆ ಇಟ್ಟೆ.

“ಇದೇನು ಅಜ್ಜಿ?”

“ಇದ್ರ ನಾಲ್ಗೆ ಮುರ್ದವಳು ನಾನು. ಅವತ್ತು ಬುಧವಾರ, ನಿಂತೋಯ್ತಲ್ಲ, ಆಗ. ಇಪ್ಪತ್ತು ಎಣ್ಸಿ ಕಿತ್ತಿದ್ದು ಸುಳ್ಳು. ಎಳ್ದೆ, ಮುರೀತು. ಒಳೀಕ್ ತುರುಕ್ದೆ. ತಿರ್ಗಾ ಜಾರಿ ಈಚೆಗ್ ಬಂತು.”

ಅವಳು ನನ್ನನ್ನು ನೋಡಲಿಲ್ಲ. ಕೇಬಲನ್ನು ನೋಡಿದಳು.

“ಎಷ್ಟು ಹೊತ್ತಲ್ಲಿ?”

“ಇಂಗೆ,” ಎಂದು ಚಿಟಿಕೆ ಹೊಡೆದೆ, ಎರಡು ಸಲ.

“ಒಂಬತ್ತು ದಿನ, ಅಜ್ಜಿ,” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅವಳು ತಲೆ ಎತ್ತಿ, “ಎಲ್ಲಿಗೆ ಹೋಗ್ತಿದ್ದೀರಿ? ಬಂದು ಎಳೀರಿ. ಅವತ್ತು ಎಳೆದ ಹಾಗೇ ಎಳೀರಿ,” ಎಂದಳು.

ಎರಡನೇ ಕಂಪ್ಯೂಟರಿಗೆ ಆ ಮುರಿದ ಕೇಬಲನ್ನೇ ಚುಚ್ಚಿದೆವು. ಬಿಗಿ ಕಾವಲು ಹಾಕಿದಳು. ಅಂಕಿ ಓಡಿತು. ಎಳೆದೆ, ತುರುಕಿದೆ, ಎಳೆದೆ. ಅಂಕಿ ನಿಂತಿತು. ರೀಸೆಟ್ ಮಾಡಿ ಮತ್ತೆ ಎಳೆದೆ, ತುರುಕಿದೆ, ಎಳೆದೆ. ನಿಂತಿತು. ಐದು ಸಲಕ್ಕೆ ಐದು ಸಲವೂ ಸತ್ತಿತು. ಮೂರು ವಾರ ಹುಡುಕಿದ್ದು ಈಗ ಕರೆದಾಗಲೆಲ್ಲ ಬರುತ್ತಿತ್ತು.

ಅಷ್ಟರಲ್ಲಿ ಕೋಣೆಯ ಕರೆಂಟು ಹೋಯಿತು. ಹೋಗಿ, ಬಂದು, ಮತ್ತೆ ಹೋಯಿತು. ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ನಮ್ಮ ಕಡೆ ಕರೆಂಟು ಯಾವತ್ತು ಒಂದೇ ಸಲಕ್ಕೆ ಹೋಗಿದೆ? ಇಬ್ಬರೂ ಫ್ಯಾನು ನೋಡಿದೆವು.

“ಡೈರೀಲೂ ಹಿಂಗೇ ಹೋಗೋದು,” ಎಂದಳು. “ದೊಡ್ಡ ಕಂಪ್ಯೂಟರಿಗೆ ಬ್ಯಾಟರಿ ಇದೆ. ತಂತಿ ಚುಚ್ಚಿರೋ ಸಣ್ಣ ಡಬ್ಬಿಗೆ ಇಲ್ಲ. ಕರೆಂಟು ಕಣ್ಣು ಹೊಡೆದಾಗೆಲ್ಲ ಅಲ್ಲಿ ಎರಡು ಸಲ ತಂತಿ ಕಿತ್ತ ಹಾಗೇ. ನಾನು ಇಲ್ಲಿ ನಿಮ್ಮ ಕೈಲಿ ಇಪ್ಪತ್ತು, ಹತ್ತು ಅಂತ ಎಣಿಸಿಸ್ತಾ ಕೂತಿದ್ದೀನಿ.”

ಕಾವಲು ಮೂರು ಹೆಸರು ಹೇಳಿತ್ತು. ಅವಳು ಓದಿ ಹೇಳಿದ್ದು ಇಷ್ಟು. ತಂತಿ ಕಿತ್ತುಹೋದಾಗ ಡ್ರೈವರು ಒಬ್ಬ ಆಳಿಗೆ ಹೇಳಿ ಕಳಿಸುತ್ತದೆ, ಎರಡು ಸೆಕೆಂಡು ಬಿಟ್ಟು ಹೋಗಿ ನನ್ನ ಪಾತ್ರೆ ನೋಡಿಕೊಂಡು ಬಾ ಎಂದು. ಅವನ ಹೆಸರು ಟೈಮರ್. ಅಷ್ಟರೊಳಗೆ ತಂತಿ ವಾಪಸ್ ಬಂದರೆ ಡ್ರೈವರು ಹಳೆಯ ಪಾತ್ರೆ ಕೊಟ್ಟು ಹೊಸದು ತರುತ್ತದೆ. ಟೈಮರಿಗೆ ಇನ್ನು ಹೋಗಬೇಡ ಎಂದು ಆಮೇಲೆ ಹೇಳೋಣ ಎಂದುಕೊಂಡಿರುತ್ತದೆ. ಹೇಳುವ ಮುಂಚೆ ತಂತಿ ಮತ್ತೆ ಹೋದರೆ, ಹೇಳುವುದು ತಪ್ಪಿಹೋಗುತ್ತದೆ. ಅವನು ಹೊತ್ತಿಗೆ ಸರಿಯಾಗಿ ಹೋಗಿ ವಾಪಸ್ ಕೊಟ್ಟ ಪಾತ್ರೆಗೆ ಕೈ ಹಾಕಿ, ಸಿಕ್ಕಿದ್ದನ್ನು ಕಳುಹಿಸುವ ಭಾಗದ ಕೈಗೆ ಇಡುತ್ತಾನೆ. ಸಾಯುವುದು ಅದು. ಪಾಪ, ಅದು ಏನೂ ಮಾಡಿರಲಿಲ್ಲ. ಕೊನೆಗೆ ಮುಟ್ಟಿತ್ತು, ಅಷ್ಟೇ.

ನನ್ನ ಉಗ್ರಾಣದ ಕಾನೂನು ನೆನಪಾಯಿತು. ಎಷ್ಟು ಜನರನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ. ನೆನಪಾಗಿ ಏನು ಪ್ರಯೋಜನ.

ಶನಿವಾರ ಬೆಳಗ್ಗೆಯಿಂದ ಸರಿ ಮಾಡಲು ಕೂತಳು. ಪಾತ್ರೆ ವಾಪಸ್ ಕೊಡುವ ಮುಂಚೆ ಟೈಮರನ್ನು ನಿಲ್ಲಿಸಬೇಕು, ಅವನು ಆಗಲೇ ಹೊರಟಿದ್ದರೆ ಬರುವ ತನಕ ಕಾಯಬೇಕು. ಮೊದಲ ಸಲ ಬರೆದದ್ದು ಕೆಟ್ಟಿತು. ಡ್ರೈವರು ಉಗ್ರಾಣದ ಬೀಗದ ಕೈ ಹಿಡಿದುಕೊಂಡು ಟೈಮರು ಬರಲಿ ಎಂದು ಕಾದು ಕೂತಿತು, ಟೈಮರು ಬೀಗದ ಕೈ ಕೊಡಲಿ ಎಂದು ಕಾದು ಕೂತ. ಕಂಪ್ಯೂಟರು ಸಾಯಲೂ ಇಲ್ಲ, ಬದುಕಲೂ ಇಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ನಾಲ್ಕು ಸಾಲು ಮೇಲಕ್ಕೆ ತಂದು, ಒಂದು ಸಾಲು ಹೊಸದಾಗಿ ಬರೆದಳು. ಜೊತೆಗೆ, ಪಾತ್ರೆ ವಾಪಸ್ ಕೊಡದೆ ಇಟ್ಟುಕೊಳ್ಳುವ ಆ ಕೆಟ್ಟ ಕೆಲಸವನ್ನು ತೆಗೆದುಹಾಕಿದಳು. ನಾನು ಸಂಜೆವರೆಗೆ ಎಳೆದೆ, ತುರುಕಿದೆ, ಎಳೆದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ. ಒಂದೂ ಸಾಯಲಿಲ್ಲ.

ಭಾನುವಾರ ಮಧ್ಯಾಹ್ನ ಸಾಹೇಬರ ಹಳೆಯ ಕಾರಿನಲ್ಲಿ ಚಿಲ್ಲಿಂಗ್ ಸೆಂ​ಟರಿಗೆ ಹೋದೆವು. ಹೊಸದನ್ನು ಹಾಕಿ ಮುಗಿದಾಗ ನಾಲ್ಕು ಗಂಟೆ. ಇನ್ನು ಕರೆಂಟು ಹೋಗಬೇಕು. ಕಾದೆವು. ಹೋಗಲಿಲ್ಲ. ಐದು ಗಂಟೆಯಾಯಿತು, ಸಂಜೆಯ ಹಾಲಿನ ಲಾರಿಗಳು ಬರಲು ಶುರುವಾದವು, ಬಲ್ಬು ಅಲುಗದೆ ಉರಿಯುತ್ತಿತ್ತು.

“ದಿನಾ ಸಾಯೋ ಕರೆಂಟು ಇವತ್ತೇನು ಹೊಸ ಅಳಿಯನ ಹಂಗೆ ಕುಂತ್‌ಬುಟ್ಟದೆ,” ಎಂದರು ಮ್ಯಾನೇಜರು.

ಆ ಸಣ್ಣ ಡಬ್ಬಿಯ ಸ್ವಿಚ್ಚನ್ನು ಕೈಯಲ್ಲೇ ಆರಿಸಿ ನೋಡೋಣ ಎಂದಳು ಹುಡುಗಿ. ಮ್ಯಾನೇಜರು ಕಿಟಕಿಯಿಂದ ಲಾರಿಗಳನ್ನು ನೋಡಿದರು. ಗೇಟಿನ ಹೊರಗೆ ನಾಲ್ಕು ನಿಂತಿದ್ದವು.

“ಸತ್ತೋದ್ರೆ? ಹಾಲು ಯಾರ್ ಕುಡೀತಾರೆ, ನೀವ್ ಕುಡೀತೀರಾ?”

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ, “ಸತ್ತೋದ್ರೆ ನಾಳೀಕೆ ಕಿತ್ತಾಕೋರಿಗೆ ಸುಲ್ಬ ಆಯ್ತದೆ ಸ್ವಾಮಿ. ಇವತ್ತು ನೋಡ್ದೆ ಕಿತ್ತಾಕುದ್ರೆ ಬರೋರ್ದು ಎರಡ್ ಸತಿ ಕರೆಂಟ್ ಹೋದ್ರೆ ಏನಾಯ್ತದೆ ಅಂತ ನಿಮಗ್ ಗೊತ್ತಾ?”

“ಈ ಅಜ್ಜಿ ಯಾರು?” ಎಂದರು.

“ಪರೀಕ್ಷೆ ಮಾಡೋರು,” ಎಂದಳು ಹುಡುಗಿ.

ಮ್ಯಾನೇಜರು ಗಡಿಯಾರ ನೋಡಿ, “ಒಂದೇ ಸತಿ,” ಎಂದರು.

“ಒಂದ್ಸತಿ ಅಲ್ಲ, ಎರಡ್ ಸತಿ. ಅದ್ರಲ್ಲೇ ಇರಾದು,” ಎಂದು ನಾನು ಸ್ವಿಚ್ಚಿನ ಹತ್ತಿರ ಹೋದೆ. ಆರಿಸಿದೆ, ಹಾಕಿದೆ, ಆರಿಸಿದೆ. ಆಮೇಲೆ ಹಾಕಿದೆ. ಸ್ಕ್ರೀನಿನಲ್ಲಿ ಆರೂ ಕಂಪ್ಯೂಟರುಗಳ ಅಂಕಿ ನಿಂತವು. ನಾನು ಮನಸ್ಸಿನಲ್ಲೇ ಎಣಿಸಿದೆ. ಹನ್ನೆರಡಕ್ಕೆ ಮೊದಲನೇ ಅಂಕಿ ಓಡಿತು. ಆಮೇಲೆ ಎರಡನೆಯದು. ಹದಿನೇಳಕ್ಕೆ ಆರೂ ಓಡಿದವು. ಹೊರಗೆ ಲಾರಿಯವನು ಹಾರನ್ನು ಒತ್ತಿ, “ಏಯ್, ಒಳ್ಗೇನ್ ನಿದ್ದೆ ಮಾಡ್ತಾ ಇದ್ದೀರೇನ್ರಲಾ?” ಎಂದು ಕೂಗಿದ. ಗೇಟು ತೆರೆಯಿತು.

ಒಂದೇ ಸತಿ ಎಂದಿದ್ದ ಮ್ಯಾನೇಜರು ತಾವೇ ಬಂದು ಇನ್ನೂ ಒಂಬತ್ತು ಸಲ ಆರಿಸಿ ಹಾಕಿ ಆರಿಸಿ ನೋಡಿದರು. ಕೊನೆಯಲ್ಲಿ, “ನಾಳೆ ಬರೋರಿಗೆ ಬರ್ಬೇಡಿ ಅಂತ ಹೇಳ್ತೀನಿ. ಮುಂದಿನ ತಿಂಗಳು ನೋಡಣ,” ಎಂದರು. ಒಳ್ಳೆಯ ಮಾತು ಎಂದು ಅವರು ಆಡಿದ್ದು ಅಷ್ಟೇ.

ವಾಪಸ್ ಬರುವಾಗ ಹುಡುಗಿ ಕಾರಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡಿದಳು. ಸಾಹೇಬರು ನನ್ನನ್ನು ಕೊಪ್ಪದ ಬಸ್ಸಿಗೆ ಬಿಟ್ಟರು. ಇಳಿಯುವಾಗ ಅವಳು ಕಣ್ಣು ಬಿಟ್ಟು, “ನಾಳೆ ಬನ್ನಿ ಅಜ್ಜಿ. ಅದೇ ಥರದ್ದು ಇನ್ನೊಂದು ಇರಬೇಕು ಅಂತ ಅನುಮಾನ,” ಎಂದಳು. ಮತ್ತೆ ಕಣ್ಣು ಮುಚ್ಚಿದಳು. ಸುಳ್ಳಿನ ಬಗ್ಗೆ ಅವಳು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮಾರನೇ ದಿನ ಸೋಮವಾರ. ಎಂಟು ಗಂಟೆ ಬಸ್ಸಿಗೆ ಹೋದೆ. ಮೆಟ್ಟಿಲ ಕೆಳಗೆ ಅವಳ ಅಣ್ಣ ಆಗಲೇ ಎರಡು ಹಳೆಯ ಟೈರು ತಂದು ಒರಗಿಸಿದ್ದ. ದಾಟಿಕೊಂಡು ಹತ್ತಿದೆ. ಅವಳು ಇನ್ನೂ ಬಂದಿರಲಿಲ್ಲ. ನೋಟುಬುಕ್ಕು ತೆಗೆದು ಹಿಂದಕ್ಕೆ ಮಗುಚಿ, ಆ ಬುಧವಾರದ ಹಾಳೆ ಹುಡುಕಿದೆ. ಎರಡೂ ನಲವತ್ತರ ಸಾಲಿನ ಮೇಲೆ ಒಂದು ಗೆರೆ ಎಳೆದೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಬರೆದೆ: ಎಣಿಸಲಿಲ್ಲ. ಕೇಬಲ್ ಮುರಿದೆ. ಎರಡು ಸಲ ಎಳೆದೆ. ನಿಂತಿತು. ಆಮೇಲೆ ಎರಡನೇ ಕಂಪ್ಯೂಟರಿನ ಸ್ವಿಚ್ಚು ಒತ್ತಿ, ನಾಲ್ಕು ಸಾಲು ಬರಲಿ ಎಂದು ಕಾಯುತ್ತಾ ಕೂತೆ.